ಚೀನಾಕ್ಕೆ ಹೋಗುವ ಪರೀಕ್ಷೆ

ರಾಜೂರ
೩ ಜುಲೈ ೨೦೨೫, ಗುರುವಾರ

ಪ್ರೀತಿಯ ಯಜಮಾನರಿಗೆ,

ಉಮಾ ಮಾಡುವ ನಮಸ್ಕಾರ. ‘ಪ್ರೀತಿಯ’ ಎಂದು ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದಿದ್ದೇನೆ. ಮೂರು ವರ್ಷದಿಂದ ಮೆಸೇಜಿನಲ್ಲಿ ಹಾಗೇ ಬರೆದ ರೂಢಿ, ಕೈ ನನ್ನ ಮಾತು ಕೇಳುವುದಿಲ್ಲ. ನೀವು ಆರಾಮ ಇದ್ದೀರಾ? ಸೊಂಟದ ನೋವು ಹೇಗಿದೆ? ಕರೆಂಟು ಮಾಡುವ ಗಾಳಿ ಫ್ಯಾನಿನ ಕಂಬ ಹತ್ತಿ ಇಳಿದು ಹಿಡಿದುಕೊಂಡ ಸೊಂಟ ಅದು, ಚೀನಾದ ಈ ಮಳೆಗೆ ಇನ್ನೂ ಹೆಚ್ಚಾಗಿರಬೇಕು. ಅತ್ತೆ ಕಾಸಿ ಕೊಟ್ಟ ಎಣ್ಣೆ ಮುಗಿದಿದ್ದರೆ ತಿಳಿಸಿ. ಅತ್ತೆಯ ಮೊಣಕಾಲು ಹಾಗೇ ಇದೆ. ಗಜೇಂದ್ರಗಡದ ದವಾಖಾನೆಯ ಗುಳಿಗೆ ನುಂಗುತ್ತಾರೆ, ನುಂಗಿ ಡಾಕ್ಟರನ್ನು ಬೈಯುತ್ತಾರೆ. ಊರಲ್ಲಿ ಹೆಸರುಕಾಳಿನ ಬಿತ್ತನೆ ಮುಗಿದು ಈಗ ಕಳೆ ತೆಗೆಯುವುದು ಶುರುವಾಗಿದೆ, ನಾನೂ ದಿನಾ ಹೋಗುತ್ತೇನೆ. ಕಂಪನಿಯವರು ನಿಮ್ಮನ್ನು ಚೀನಾಕ್ಕೆ ಕಳಿಸುವ ಮುಂಚೆ ಗುಡ್ಡದ ಮೇಲೆ ನೀವು ನಿಲ್ಲಿಸಿಹೋದ ಗಾಳಿ ಫ್ಯಾನುಗಳು ಆಷಾಢದ ಗಾಳಿಗೆ ಗರಗರ ತಿರುಗುತ್ತಿವೆ. ಅವನ್ನು ಕಂಡರೆ ಈಗ ನನ್ನ ಮೈಯೆಲ್ಲ ಉರಿಯುತ್ತದೆ. ಪಾಪ, ಅವೇನು ಮಾಡಿದ್ದಾವೆ!

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಅಂತ ನೀವು ಕೇಳಬಹುದು. ಫೋನಿನಲ್ಲಿ ನಾನು ಆಡಿದ ಮಾತು ಎಲ್ಲಿಗೆ ಹೋಗುತ್ತದೆ, ಯಾರ್‍ಯಾರು ಕೂತು ಕೇಳುತ್ತಾರೆ ಎನ್ನುವುದು ಈಗ ನನಗೆ ಗೊತ್ತಾಗಿದೆ. ಕಾಗದವನ್ನಾದರೂ ನೀವೊಬ್ಬರೇ ಓದುತ್ತೀರಿ ಅಂದುಕೊಂಡಿದ್ದೇನೆ. ಹತ್ತು ಜನರ ಮುಂದೆ ಓದಿದರೂ ಓದಿ ಬಿಡಿ, ನನ್ನ ಮರ್ಯಾದೆಯಲ್ಲಿ ಹೋಗುವುದು ಇನ್ನೇನು ಉಳಿದಿದೆ?

ನಿಮಗೆ ನೆನಪಿದೆಯೋ ಇಲ್ಲವೋ, ನನಗಂತೂ ಸಾಯುವವರೆಗೆ ಮರೆಯುವುದಿಲ್ಲ. ಹೋದ ದೀಪಾವಳಿಯ ಪಾಡ್ಯದ ದಿನ ಫೋನ್ ಮಾಡಿ ಹೇಳಿದಿರಿ: “ಹೇಣ್ತೀನ ಕರ್ಕೊಂಡ ಬರಬೇಕಂದ್ರ ಚೀನಾದ ಸರಕಾರ ಪರೀಕ್ಷಾ ತಗೋತೈತಿ. ಪ್ರಾಂತಗಳ ಹೆಸರು, ಯಾವುದು ಎಲ್ಲೈತಿ, ಎಲ್ಲಾ ಬಾಯಿಲೆ ಹೇಳಬೇಕು. ಪಾಸಾದ್ರ ವೀಸಾ.” ಆಮೇಲೆ ಬಣ್ಣಬಣ್ಣದ ನಕಾಶೆಯೊಂದನ್ನು ಕಳಿಸಿದಿರಿ. ಮೂವತ್ತೊಂದು ಹೆಸರು, ಹಾಂಗ್‌ಕಾಂಗ್ ಮತ್ತು ಮಕಾವು ಬೇರೆ. ಜೊತೆಗೆ ಒಂದು ಚುಚ್ಚುಮಾತು: “ನಮ್ಮ ಗದಗ ಜಿಲ್ಲಾದ ತಾಲೂಕ ಹೇಳಂದ್ರ ಬಾಯಿ ತಗೀತಿ, ನಿನ್ನ ಕಡಿಂದ ಇದು ಆಗೂದಲ್ಲ ಬಿಡು.” ಹೌದು, ಹತ್ತನೆಯ ಇಯತ್ತೆಯಲ್ಲಿ ನಾನು ಸಮಾಜ ವಿಜ್ಞಾನದಲ್ಲಿ ಫೇಲಾದವಳು. ಮರುವರ್ಷ ರೋಣಕ್ಕೆ ಹೋಗಿ ಕೂತು ಪಾಸಾದದ್ದನ್ನು ಮಾತ್ರ ನೀವು ಯಾರ ಮುಂದೆಯೂ ಹೇಳುವುದಿಲ್ಲ. ಅವತ್ತು ನಾನು ಹಲ್ಲು ಕಚ್ಚಿ ಅಂದುಕೊಂಡೆ, ಈ ಮನುಷ್ಯನ ಎದುರು ಕಲಿತು ತೋರಿಸದಿದ್ದರೆ ನಾನು ಅಸೂಟಿಯ ದ್ಯಾಮಪ್ಪನ ಮಗಳೇ ಅಲ್ಲ.

ಮೊದಲು ಬರೇ ಬಾಯಿಪಾಠ ಮಾಡಿದೆ. ಬೆಳಗ್ಗೆ ಕಲಿತದ್ದು ಸಂಜೆ ರೊಟ್ಟಿ ಬಡಿಯುವ ಹೊತ್ತಿಗೆ ಹೋಗಿಬಿಡುತ್ತಿತ್ತು. ಹುಬೈ, ಹುನಾನ್, ಹೆಬೈ, ಹೆನಾನ್, ಎಲ್ಲ ಒಂದೇ ಮನೆಯ ಅವಳಿ ಜವಳಿ ಮಕ್ಕಳ ಹಾಗೆ ಕಾಣುತ್ತಿದ್ದವು. ನಾನು ಅಳುತ್ತ ಕೂತದ್ದು ನೋಡಿ ಅತ್ತೆಯೇ ಹಾದಿ ತೋರಿಸಿದರು: “ಅಂಗೈಯಷ್ಟ ಫೋನಿನಾಗ ನೋಡಿದ್ರ ಹ್ಯಾಂಗ ತಿಳೀತೈತವಾ? ಅರಿವ್ಯಾಗ ಮಾಡು. ಕೌದಿ ಹೊಲಿಯೂಣು.” ಆಯಿತು, ಮನೆಯಲ್ಲಿದ್ದ ಹಳೆ ಬಟ್ಟೆಯೆಲ್ಲ ಕೆಳಗಿಳಿಯಿತು. ಮಾವನವರ ಧೋತರ ಎಡಗಡೆಯ ಮೇಲಿನ ಮೂಲೆಗೆ ಶಿನ್‌ಜಿಯಾಂಗ್ ಆಯಿತು, ಎಲ್ಲಕ್ಕೂ ದೊಡ್ಡದು ಅದೇ. ಅದರ ಕೆಳಗೆ ಟಿಬೆಟ್ಟಿಗೆ ಅತ್ತೆಯ ಹಳೆ ಇಳಕಲ್ಲ ಸೀರೆಯ ಒಡಲು. ಗಾನ್ಸು ಉದ್ದಕ್ಕೆ ಸೊಟ್ಟಗಿದೆ, ಅದನ್ನು ಕತ್ತರಿಸಲು ಎರಡು ದಿನ ಹಿಡಿಯಿತು. ಬೀಜಿಂಗ್ ಮತ್ತು ತಿಯಾನ್‌ಜಿನ್ ಹೆಬೈಯ ಹೊಟ್ಟೆಯಲ್ಲಿವೆ. ಹೊಟ್ಟೆ ಕೊರೆದು ಒಳಗೆ ಬೇರೆ ಅರಿವೆ ಕೂಡಿಸುವುದನ್ನು ಅತ್ತೆಯೇ ಮಾಡಿದರು. ಬಲಗಡೆ ಮೇಲೆ ಹೇಲಾಂಗ್‌ಜಿಯಾಂಗ್, ಅದರ ಕೆಳಗೆ ಜಿಲಿನ್, ಅದರ ಕೆಳಗೆ ಲಿಯಾವ್‌ನಿಂಗ್; ಈ ಮೂರೂ ನನ್ನ ತವರಿನ ರವಿಕೆಯ ತುಂಡು. ಹೈನಾನ್ ದ್ವೀಪ, ಅದಕ್ಕೆ ಒಂದು ಕರವಸ್ತ್ರದ ಮೂಲೆ ಸಾಕಾಯಿತು. ಸಮುದ್ರಕ್ಕೆ ಹಳೆಯ ನೀಲಿ ಲಂಗ. ಇನ್ನು ನೀವಿರುವ ಜಿಯಾಂಗ್ಸುಗೆ ನಿಮ್ಮ ಮದುವೆಯ ಅಂಗಿ ಕತ್ತರಿಸಿದೆ. ಕಾಲರು ಸವೆದಿತ್ತು, ಗುಂಡಿಗಳನ್ನು ಮಾತ್ರ ಬಿಚ್ಚಿ ಎತ್ತಿಟ್ಟಿದ್ದೇನೆ. ನಾಲ್ಕು ತಿಂಗಳು ಅತ್ತೆ ಸೊಸೆ ಆ ಕೌದಿಯ ಎರಡು ಕಡೆ ಕೂತು ಹೊಲಿದೆವು. ಆ ಮುದುಕಿಗೆ ಅಕ್ಷರ ಗೊತ್ತಿಲ್ಲ, ಈಗ ಸಿಚುವಾನ್ ಎಲ್ಲಿದೆ ಎಂದು ಕೇಳಿ, ಕಣ್ಣು ಮುಚ್ಚಿ ಬೆರಳಿಟ್ಟು ತೋರಿಸುತ್ತಾರೆ.

ಶಿವರಾತ್ರಿಯ ಮರುದಿನ ಪರೀಕ್ಷೆ ಎಂದಿರಿ. ನಾನು ಧಾರೆ ಸೀರೆ ಉಟ್ಟು, ತಲೆಗೆ ಹೂವು ಮುಡಿದು, ಹಿಂದಿನ ಗೋಡೆಗೆ ಕೌದಿ ತೂಗುಹಾಕಿ ಫೋನಿನ ಮುಂದೆ ಕೂತೆ. ಆ ಕಡೆ ಮುಖಕ್ಕೆ ಮಾಸ್ಕ್ ಹಾಕಿ ಟೋಪಿ ಇಟ್ಟ ಸಾಹೇಬ. ಹಿಂದಿಯಲ್ಲಿ ಕೇಳುತ್ತಿದ್ದ, ನೀವು ಪಕ್ಕದಿಂದ ಕನ್ನಡದಲ್ಲಿ ಹೇಳುತ್ತಿದ್ದಿರಿ. ನಾನು ಪ್ರತಿ ಉತ್ತರಕ್ಕೂ ‘ಸರ್’ ಹಚ್ಚಿದೆ. ಯುನ್ನಾನಿಗೂ ಹುನಾನಿಗೂ ನಡುವೆ ಯಾವುದು ಎಂದಾಗ ಗ್ವೈಜೌ ಬಾಯಿಗೆ ಬರಲಿಲ್ಲ. ನಾಲಿಗೆಯ ತುದಿಯಲ್ಲಿತ್ತು, ಬರಲಿಲ್ಲ. ಸಾಹೇಬ ತಲೆ ಅಲ್ಲಾಡಿಸಿ ಫೇಲು ಎಂದ. ಅವತ್ತು ನಾನು ಎಷ್ಟು ಅತ್ತೆನೆಂದರೆ, ಅತ್ತೆಯೇ ನನ್ನ ಬಾಯಿಗೆ ತುತ್ತು ಹಾಕಿ ಉಣಿಸಬೇಕಾಯಿತು. ಮೇ ತಿಂಗಳಲ್ಲಿ ಮತ್ತೆ ಕೂತೆ. ಒಂದೂ ತಪ್ಪಲಿಲ್ಲ, ಮೂವತ್ತೊಂದಕ್ಕೆ ಮೂವತ್ತೊಂದು. ಓಣಿಗೆಲ್ಲ ಸಕ್ಕರೆ ಹಂಚಿದೆ. ನನ್ನ ಅವ್ವ ಅಸೂಟಿಯಿಂದ ಶೇಂಗಾ ಚಟ್ನಿ, ಒಣ ರೊಟ್ಟಿಯ ಗಂಟು ಕಟ್ಟಿ ಕಳಿಸಿದಳು. ಟೈಲರಿಂಗ್ ಕಲಿಸಲು ಬಾ ಎಂದು ಕರೆದ ಸ್ತ್ರೀಶಕ್ತಿ ಸಂಘದವರಿಗೆ, ಇನ್ನೊಂದು ತಿಂಗಳಲ್ಲಿ ನಾನು ಊರಲ್ಲೇ ಇರುವುದಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದೆ. ಎರಡು ದಿನ ಬಿಟ್ಟು ನೀವು ಫೋನ್ ಮಾಡಿ ಏನಂದಿರಿ? “ಈಗ ರಾಜಧಾನಿನೂ ಕಲೀಬೇಕಂತ, ರೂಲ್ಸ ಬದಲ ಆಗ್ಯಾವ.” ಅದಕ್ಕೂ ಹೂಂ ಎಂದೆನಲ್ಲ, ನನ್ನ ತಲೆಯಲ್ಲಿ ಏನಿತ್ತೋ!

ಕಾರಹುಣ್ಣಿಮೆಯ ಮರುವಾರ ಸಿಮ್ರಾನ ಹೆರಿಗೆಗೆಂದು ತವರಿಗೆ ಬಂದಳು. ನಿಮ್ಮ ಜೊತೆ ಕೆಲಸ ಮಾಡುವವನ ಹೆಂಡತಿ, ನಿಮ್ಮ ಪಕ್ಕದ ಖೋಲಿಯವಳೇ. ಅವಳ ಅಪ್ಪ ಗೌಸುಸಾಬ ಕಾಕಾ ಕಂಪನಿಯ ಜೀಪು ಓಡಿಸುವುದರಿಂದ ನಮಗೂ ಬಳಕೆ. ನಿಮ್ಮ ಸುದ್ದಿ ಕೇಳೋಣ ಎಂದು ಗಜೇಂದ್ರಗಡಕ್ಕೆ ಅವಳ ಮನೆಗೆ ಹೋದೆ. ನನ್ನನ್ನು ನೋಡಿದ ಕೂಡಲೇ ಪ್ರೀತಿಯಿಂದ ಕೈ ಹಿಡಿದುಕೊಂಡು, “ವೈನಿ, ಆ ಚೀನಾದ ಹೆಸರು ಇನ್ನೊಮ್ಮೆ ಹೇಳ್ರಿ. ವಿಡಿಯೋದಾಗ ಎಷ್ಟ ಚೆಂದ ಹೇಳಿದ್ರಿ! ನಮ್ಮ ದುರಗಪ್ಪಣ್ಣ ಸಾಹೇಬ ಆಗಿ ಕುಂತಿದ್ದು ನೋಡಿ ನಕ್ಕ ನಕ್ಕ ಸಾಕಾತು” ಅಂದಳು. ದುರಗಪ್ಪಣ್ಣ ಯಾರು ಎಂದು ಕೇಳಿದೆ. ನಿಮ್ಮ ಮೆಸ್ಸಿನಲ್ಲಿ ಅಡಿಗೆ ಮಾಡುವವನಂತೆ, ಕುಷ್ಟಗಿ ಕಡೆಯವನಂತೆ. ಪಾಪ, ಆ ಹುಡುಗಿ ಇದು ಗಂಡ ಹೆಂಡಿರು ಕೂಡಿ ಆಡಿದ ಆಟ ಎಂದೇ ತಿಳಿದಿದ್ದಾಳೆ. ನೀನು ಏನು ಪರೀಕ್ಷೆ ಕೊಟ್ಟು ಹೋದೆ ಎಂದು ಕೇಳಿದರೆ ಕಣ್ಣು ಬಿಟ್ಟಳು. ಪಾಸ್‌ಪೋರ್ಟು, ಮದುವೆಯ ದಾಖಲೆ, ಎರಡು ಫೋಟೋ, ಕಂಪನಿಯ ಕಾಗದ. ಅಷ್ಟೇ ಅಂತೆ. ಒಂದು ಪ್ರಾಂತದ ಹೆಸರನ್ನೂ ಅವಳಿಗೆ ಯಾರೂ ಕೇಳಿಲ್ಲ. ತಾನಿದ್ದ ಪ್ರಾಂತದ ಹೆಸರೇ ಅವಳಿಗೆ ಸರಿಯಾಗಿ ಬರುವುದಿಲ್ಲ! ಆಮೇಲೆ ಅವಳಿಗೆ ಎಲ್ಲ ತಿಳಿದು ಮುಖ ಸಣ್ಣದಾಯಿತು. ಕೇಳಿದ್ದಕ್ಕೆ ಉಳಿದದ್ದನ್ನೂ ಹೇಳಿದಳು. ಪರೀಕ್ಷೆಯ ಹೊತ್ತಿಗೆ ಫೋನಿನ ಹಿಂದೆ ಏಳು ಜನ ಬಾಯಿಗೆ ಬಟ್ಟೆ ಹಿಡಿದು ಕೂತಿದ್ದರಂತೆ. ಅದನ್ನು ರೆಕಾರ್ಡ್ ಮಾಡಿದ್ದೀರಂತೆ. ಊಟಕ್ಕೆ ಕೂತಾಗ ಯಾರಾದರೂ ಹಚ್ಚುತ್ತಾರಂತೆ. ನಾನು ‘ಸರ್’ ಎಂದಾಗೊಮ್ಮೆ ಎಲ್ಲರೂ ‘ಸರ್’ ಎನ್ನುತ್ತಾರಂತೆ.

ನಗಬಾರದು ಎಂದು ನಾನು ಹೇಳುವುದಿಲ್ಲ. ನೀವು ನಕ್ಕಿದ್ದರೆ, ನಾವಿಬ್ಬರೇ ಇದ್ದು ನಕ್ಕಿದ್ದರೆ, ನಾನೂ ನಗುತ್ತಿದ್ದೆ. ಫೇಲಾದ ದಿನ ನಾನು ಅತ್ತದ್ದನ್ನು ನೀವು ಕಣ್ಣಾರೆ ನೋಡಿದಿರಿ. ಆಗಲಾದರೂ ಹೇಳಬಹುದಿತ್ತಲ್ಲ, ಹುಚ್ಚಿ, ಇದು ಚೇಷ್ಟೆ ಅಂತ? ಅಲ್ಲಿ ಇನ್ನೊಬ್ಬಳು ಯಾರಾದರೂ ಇದ್ದಾಳೆಯೇ ಎಂದು ನಾಚಿಕೆ ಬಿಟ್ಟು ಸಿಮ್ರಾನಳನ್ನು ಕೇಳಿದೆ. ಇಲ್ಲ ಎಂದು ಆಣೆ ಮಾಡಿದಳು. ಇದ್ದಿದ್ದರೆ ಅವಳ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಈಗ ಯಾರ ಮೇಲೆ ಮಾಡಲಿ? ಓಣಿಯವರು ದಿನಾ “ಯಾವಾಗ ಹೊಂಟಿ ಚೀನಾಕ್ಕ?” ಎನ್ನುತ್ತಾರೆ. ಹೊಲಕ್ಕೆ ಹೋದರೆ ಕಳೆ ತೆಗೆಯುವ ಕೈ ನಿಲ್ಲಿಸಿ ಕೇಳುತ್ತಾರೆ. ನೀವು ನನಗೆ ಮೋಸ ಮಾಡಿದಿರಿ. ಹೊರಗಿನವರು ಮಾಡಿದ್ದರೆ ಬೈದು ಬಿಡುತ್ತಿದ್ದೆ, ನೀವು ಮಾಡಿದಿರಿ. ಇನ್ನೂ ಕೆಟ್ಟದ್ದೆಂದರೆ ಆ ಹೆಸರುಗಳು ಈಗ ನನ್ನ ತಲೆ ಬಿಟ್ಟು ಹೋಗುತ್ತಿಲ್ಲ. ನೀರು ಸೇದುವಾಗ, ಕಸ ಹೊಡೆಯುವಾಗ ತಾವಾಗಿಯೇ ಸಾಲುಗಟ್ಟಿ ಬಾಯಿಗೆ ಬರುತ್ತವೆ.

ಆದರೂ ಹದಿನೈದು ದಿನ ಯೋಚನೆ ಮಾಡಿದೆ. ಮೂರು ವರ್ಷದಲ್ಲಿ ನಾವು ಕೂಡಿ ಇದ್ದದ್ದು ಎಣಿಸಿದರೆ ಐದು ತಿಂಗಳೂ ಆಗುವುದಿಲ್ಲ. ಗೆಳೆಯರ ಗುಂಪಿನಲ್ಲಿ ಬುದ್ಧಿ ಕೆಟ್ಟು ಮಾಡಿದಿರಿ ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪಾಯಿತು ಎಂದು ಒಂದು ಮಾತು ಬರೆಯಿರಿ, ಆ ವಿಡಿಯೋ ಅಳಿಸಿರಿ. ಪರೀಕ್ಷೆ ಇಲ್ಲ ಎಂದ ಮೇಲೆ ಅಡ್ಡಿಯೇನಿದೆ, ಕರೆಸಿಕೊಳ್ಳಿ. ಅತ್ತೆಯನ್ನು ನೋಡಿಕೊಳ್ಳಲು ನಿಮ್ಮ ತಂಗಿ ಅನಿತಾ ಒಪ್ಪಿದ್ದಾಳೆ. ಒಳಗೆ ನೋವಿದೆ, ಆದರೆ ಬರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ, ಕಂಬ ಹತ್ತುವಾಗ ಬೆಲ್ಟು ಕಟ್ಟುವುದನ್ನು ಮರೆಯಬೇಡಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಅನಿತಾ ನಮಸ್ಕಾರ ಹೇಳಿದ್ದಾಳೆ. ನಿಮ್ಮ ಉತ್ತರದ ದಾರಿ ನೋಡುತ್ತಿರುವ,

ನಿಮ್ಮ
ಉಮಾ

ತಾ.ಕ.: ಇವತ್ತು ಶನಿವಾರ. ಲಕೋಟೆ ಅಂಟಿಸುವ ಮುಂಚೆ ಕುಟುಂಬದವರ ವೀಸಾಕ್ಕೆ ಏನೇನು ಕಾಗದ ಬೇಕು ಎಂದು ಕೇಳಲು ಗೌಸುಸಾಬ ಕಾಕಾರ ಜೀಪಿನಲ್ಲಿ ಗುಡ್ಡದ ಮೇಲಿನ ಕಂಪನಿ ಆಫೀಸಿಗೆ ಹೋಗಿದ್ದೆ. ಕ್ಲಾರ್ಕ್ ಹುಚ್ಚಪ್ಪ ನನ್ನ ಮುಖ ನೋಡಿ, “ಯಕ್ಕಾ, ನೀವ ಒಲ್ಲೆ ಅಂದೀರಲ್ಲರೀ? ಕಾಗದ ಐತೆಲ್ಲ” ಎಂದು ಫೈಲು ತೆಗೆದು ತೋರಿಸಿದ. ‘ನನ್ನ ಪತ್ನಿ ಅನಕ್ಷರಸ್ಥೆ. ಊರು ಬಿಟ್ಟು ಬರಲು ಆಕೆಗೆ ಇಷ್ಟವಿಲ್ಲ.’ ಕೆಳಗೆ ಹೆಬ್ಬೆಟ್ಟು. ಅದರ ಬಾಜೂಕೆ ನಿಮ್ಮ ಅಕ್ಷರದಲ್ಲಿ ನನ್ನ ಹೆಸರು. ತಾರೀಖು ಹದಿನಾಲ್ಕು ಅಕ್ಟೋಬರ್, ನೀವು ದಸರೆಯ ರಜೆಗೆ ಬಂದಾಗಿನದು. ನೀವು ನಕಾಶೆ ಕಳಿಸಿದ್ದು ಅದಾಗಿ ಹತ್ತೊಂಬತ್ತು ದಿನಕ್ಕೆ. ನಾನು ಮೊದಲ ಹೆಸರು ಕಲಿಯುವ ಮುಂಚೆಯೇ ನೀವು ಬಾಗಿಲು ಹಾಕಿ ಕೂತಿದ್ದಿರಿ.

ಮನೆಗೆ ಬಂದು ಹೇಳಿದೆ. ಅತ್ತೆ ತಮ್ಮ ಹೆಬ್ಬೆರಳನ್ನೇ ನೋಡುತ್ತ ಕೂತರು. “ಪಿಂಚಣಿ ಕಾಗದ ಐತಿ ಬೇ ಅಂತ ಹೇಳಿ ಒತ್ತಿಸ್ಕೊಂಡನಲ್ಲವಾ” ಎಂದರು. ಮಧ್ಯಾಹ್ನದಿಂದ ಊಟ ಮಾಡಿಲ್ಲ. ಮೇಲೆ ಬರೆದ ಆಶೀರ್ವಾದವನ್ನು ತೆಗೆದುಹಾಕು ಎಂದಿದ್ದಾರೆ. ನಾನು ಏನನ್ನೂ ತೆಗೆದಿಲ್ಲ, ಹರಿದೂ ಇಲ್ಲ. ಗುರುವಾರದವರೆಗೆ ನಿಮ್ಮ ಹೆಂಡತಿ ಹೇಗಿದ್ದಳು ಎನ್ನುವುದು ನಿಮಗೆ ಗೊತ್ತಿರಲಿ.

ಅಂದು ನಾನು ಒಲ್ಲೆ ಎಂದಿರಲಿಲ್ಲ. ಇಂದು ನನ್ನ ಕೈಯಿಂದಲೇ ಬರೆಯುತ್ತಿದ್ದೇನೆ: ನಾನು ಬರುವುದಿಲ್ಲ. ಈ ಸಾಲಿನದೊಂದು ಪ್ರತಿಯನ್ನು ಹುಚ್ಚಪ್ಪನಿಗೂ ಕೊಡುತ್ತೇನೆ, ಆ ಹೆಬ್ಬೆಟ್ಟಿನ ಕಾಗದ ತೆಗೆದು ಇದನ್ನು ಫೈಲಿನಲ್ಲಿ ಇಟ್ಟುಕೊಳ್ಳಲಿ.

(ಸಹಿ)
ಉಮಾ ದ್ಯಾಮಪ್ಪ ಹಾದಿಮನಿ