ಅಪ್ಪ ಅಗೆದ ವೀರಗಲ್ಲು

ಪ್ರಭುದೇವ,

ಪ್ರಿಯ ಎಂದು ಬರೆಯಲು ಕೈ ಬರಲಿಲ್ಲ. ನೀನು ಸತ್ತು ಎರಡು ವರ್ಷವಾಯಿತು, ನನ್ನ ಸಿಟ್ಟು ಇನ್ನೂ ಸತ್ತಿಲ್ಲ.

ಇವತ್ತು ಮಧುಗಿರಿಯಲ್ಲಿ ಇತಿಹಾಸ ಮ್ಯೂಸಿಯಂ ಕಟ್ಟಲು ಚಂದಾ ಎತ್ತುವ ಸಭೆ ಇತ್ತು. ಶಿರಾ, ಪಾವಗಡದಿಂದಲೂ ದಾನಿಗಳು ಬಂದಿದ್ದರು. ವೇದಿಕೆಯ ಮೇಲೆ ನಿನ್ನ ದೊಡ್ಡ ಫೋಟೊ, ಕೆಳಗೆ 'ಕೊರಟಗೆರೆ ಸೀಮೆಯ ವೀರಗಲ್ಲು ಶೋಧಿಸಿದವರು' ಎಂಬ ಬರಹ. ಹಳೇ ಗೆಳೆಯನೆಂದು ನಿನ್ನ ಪುಸ್ತಕದ ಒಂದು ಪುಟ ಓದಲು ನನ್ನನ್ನೇ ಕರೆದರು.

ಆ ಕಲ್ಲು ಇದ್ದದ್ದು ನಮ್ಮ ಹೊಲದಲ್ಲಿ. ಅಪ್ಪ ಮೂರು ದಿನ ಅಗೆದು, ಮಣ್ಣು ತೊಳೆದು, ಆಮೇಲೆ ನಿನ್ನನ್ನು ಕರೆಸಿದ. ಅವನ ಹೆಸರು ದೊಡ್ಡಹನುಮಯ್ಯ ಎಂದು ನಿನಗೆ ಗೊತ್ತಿತ್ತು. ನೀನು ನಮ್ಮ ಮನೆಯಲ್ಲಿ ಉಂಡಿದ್ದೆ. ಆದರೂ 'ಕೂಲಿಯವನೊಬ್ಬನ ನೆರವಿನಿಂದ ನಾನು ಶೋಧಿಸಿದೆ' ಎಂದು ಪುಸ್ತಕದಲ್ಲಿ ಬರೆದೆ.

ಆ ಸಾಲು ಬಂದಾಗ ನಾನು, 'ಈ ಕಲ್ಲನ್ನು ಹೊರತೆಗೆದವರು ರೈತ ದೊಡ್ಡಹನುಮಯ್ಯ' ಎಂದು ಓದಿದೆ. ಚಪ್ಪಾಳೆ ಬಿತ್ತು. ಕೆಳಗಿಳಿದಾಗ ನಿನ್ನ ಹೆಂಡತಿ ಇಂದ್ರಮ್ಮ ತಡೆದರು.

"ಪುಸ್ತಕದಲ್ಲಿ ಇಲ್ದಿದ್ದನ್ನ ಹೆಂಗೆ ಓದ್ಬುಟ್ರಿ, ರಂಗರಾಜಣ್ಣ?"

"ನಂಗೆ ಅಭ್ಯಾಸ ಆಗೈತೆ ಕಣಮ್ಮ" ಎಂದೆ.

ಪುಸ್ತಕ ಬಂದ ವರ್ಷ ಅಪ್ಪ ಅದನ್ನು ತೊಡೆಯ ಮೇಲಿಟ್ಟುಕೊಂಡು, "ನನ್ನ ಹೆಸ್ರು ಎಲ್ಲೈತೆ, ತೋರ್ಸು ಕಣ್ಲಾ" ಎಂದಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ನಾನು 'ಕೂಲಿಯವನೊಬ್ಬನ' ಎಂಬಲ್ಲೇ ಬೆರಳಿಟ್ಟು, ಅವನ ಹೆಸರು ಓದಿ ಹೇಳಿದೆ. ಸಾಯುವವರೆಗೂ ಅವನು ಮನೆಗೆ ಬಂದವರಿಗೆಲ್ಲ ಆ ಜಾಗವನ್ನು ತೋರಿಸುತ್ತಿದ್ದ. ಒಮ್ಮೆ ನಿನಗೂ ತೋರಿಸಿದ. ನೀನು ನಗುತ್ತಾ ಹೌದೆಂದು ತಲೆಯಾಡಿಸಿದೆ.

ನಾನು ಪಕ್ಕದಲ್ಲೇ ನಿಂತಿದ್ದೆ.