ನೂರಕ್ಕೆ ಮೂವತ್ತೊಂದು

ಅಂಗಡಿಯಿಂದ,
ಮಂಗಳವಾರ, ಮಾರ್ಚ್ ೧೪

ಡಾಕ್ಟರೇ,

ನಮಸ್ಕಾರ. ಹನ್ನೊಂದು ವರ್ಷದ ಮೇಲೆ ನಿಮಗೆ ಬರೆಯುತ್ತಿದ್ದೇನೆ. ಕ್ಷೇಮಸಮಾಚಾರ ವಿಚಾರಿಸುವ ಉತ್ಸಾಹ ನನಗಿಲ್ಲ, ಕೇಳಿಸಿಕೊಳ್ಳುವ ಪುರುಸೊತ್ತು ನಿಮಗೂ ಇರಲಾರದು. ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ಕಾಯುತ್ತಿರುವ ಕ್ಷಮಾಪಣೆ ಪತ್ರ ಇದಲ್ಲ. ಅದನ್ನು ನಾನು ಬರೆಯುವುದಿಲ್ಲ.

ನಿನ್ನೆ ಮಧ್ಯಾಹ್ನ ನಿಮ್ಮ ಅಕ್ಕ ಬಂದಿದ್ದರು. ಜೆರಾಕ್ಸ್ ಮಾಡಿಸುವ ನೆಪಕ್ಕೆ ಕೈಯಲ್ಲೊಂದು ಕರೆಂಟ್ ಬಿಲ್ಲು. ಪಾಪ, ಅವರಿಗೆ ನಾಟಕ ಆಡಿ ಅಭ್ಯಾಸವಿಲ್ಲ. ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ಕೊನೆಗೆ ಬಾಯಿ ಬಿಟ್ಟರು. "ಎರಡೇ ಎರಡು ಸಾಲು ಬರ್ದುಕೊಟ್ಬಿಡಮ್ಮ, ನೋಡ್ಕೊಂಡು ಬರ್ದೆ, ತಪ್ಪಾಯ್ತು ಅಂತ. ಮಿಕ್ಕಿದ್ದನ್ನ ಅವ್ನು ನೋಡ್ಕೋತಾನೆ. ನಿನ್ನ ಡಿಗ್ರಿನೂ ಉಳಿಯುತ್ತೆ" ಎಂದರು. ನಾನು ಅವರಿಗೆ ಕಾಫಿ ತರಿಸಿ, ಬಿಲ್ಲಿನ ಎರಡು ಪ್ರತಿ ತೆಗೆದುಕೊಟ್ಟು, ಉತ್ತರ ಕಳಿಸುತ್ತೇನೆ ಎಂದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀವೇ ರಸ್ತೆ ದಾಟಿ ಬಂದಿದ್ದರೆ ಕಾಲು ಸವೆದುಹೋಗುತ್ತಿತ್ತೇ? ನಿಮ್ಮ ಕಾಲೇಜಿನ ಗೇಟಿಗೂ ನನ್ನ ಅಂಗಡಿಗೂ ಇರುವುದು ಅರವತ್ತು ಹೆಜ್ಜೆ.

ಸಮಿತಿಯವರು ಕೊಟ್ಟ ಕಾಗದ ನನ್ನ ಮುಂದೆಯೇ ಇದೆ. ಸಮಾಜಶಾಸ್ತ್ರ ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿನಿ, ಅಂದರೆ ನಲವತ್ತೊಂಬತ್ತು ವರ್ಷದ ನಾನು, ತರಕಾರಿ ಮಾರುಕಟ್ಟೆಯ ಹೆಂಗಸರ ವ್ಯಾಪಾರದ ಬಗ್ಗೆ ಬರೆದ ಪ್ರಬಂಧದಲ್ಲಿ ನೂರಕ್ಕೆ ಮೂವತ್ತೊಂದು ಭಾಗ ವಿಭಾಗದ ಮುಖ್ಯಸ್ಥರ, ಅಂದರೆ ನಿಮ್ಮ, ಡಾಕ್ಟರೇಟ್ ಪ್ರಬಂಧವನ್ನು ಹೋಲುತ್ತದಂತೆ. ನಕಲು ಹುಡುಕುವ ಯಂತ್ರವೇ ಕಂಡುಹಿಡಿದಿದೆ. ಗುರುವಾರ ಹನ್ನೊಂದು ಗಂಟೆಯೊಳಗೆ "ಮೂಲ ಲೇಖಕರಿಗೆ" ಕ್ಷಮಾಪಣೆ ಬರೆದುಕೊಟ್ಟರೆ ಮತ್ತೆ ಬರೆಯಲು ಅವಕಾಶ, ಇಲ್ಲದಿದ್ದರೆ ಹೊರಗೆ. ಗುಮಾಸ್ತರು ಇದನ್ನು ಓದಿ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಗಾಬರಿಯಾಗಿ ನೀರು ಬೇಕಾ ಎಂದು ಕೇಳಿದರು.

ನಿಮ್ಮ ಆ ಪ್ರಬಂಧ ಹೇಗೆ ಹುಟ್ಟಿತು ಎಂದು ಮೊನ್ನೆಯವರೆಗೆ ನಮ್ಮಿಬ್ಬರಿಗೇ ಗೊತ್ತಿತ್ತು. ಗುರುವಾರ ಸಮಿತಿಯ ಐದು ಜನಕ್ಕೂ ಗೊತ್ತಾಗಲಿದೆ. ನೀವು ಮೂರು ವರ್ಷ ಎಳೆದಾಡಿ, ಮುನ್ನುಡಿಯಲ್ಲೇ ಸಿಕ್ಕಿಹಾಕಿಕೊಂಡು, ಗಡುವಿಗೆ ಎಂಟು ತಿಂಗಳಿದ್ದಾಗ ತಲೆ ಮೇಲೆ ಕೈಹೊತ್ತು ಕೂತಿರಿ. ನಾನು ಬೆಳಿಗ್ಗೆ ಆರಕ್ಕೆ ಮಾರುಕಟ್ಟೆಗೆ ಹೋಗಿ, ಸೊಪ್ಪಿನಮ್ಮನ ಪಕ್ಕದ ಗೋಣಿಚೀಲದ ಮೇಲೆ ಕೂತು, ಹತ್ತಕ್ಕೆ ಬಂದು ಬರೆಯುತ್ತಿದ್ದೆ. ನೀವು ಒಂದು ದಿನ ಬಂದಿರಿ. ಕೆಸರಿಗೆ ಷೂ ಹಾಳಾಯಿತೆಂದು ಅರ್ಧ ಗಂಟೆಯಲ್ಲಿ ವಾಪಸಾದಿರಿ. ಮುನ್ನೂರ ಎಂಟು ಪುಟದಲ್ಲಿ ನಿಮ್ಮದು ಅಂತ ಇರುವುದು ಕೃತಜ್ಞತೆಯ ಪುಟ. ಅದರಲ್ಲಿ ನನಗೆ "ತಾಳ್ಮೆಯಿಂದ ಬೆರಳಚ್ಚು ಮಾಡಿದ ಮಡದಿಗೆ" ಎಂದು ಧನ್ಯವಾದ ಹೇಳಿದ್ದೀರಿ. ಆಗ ಅದನ್ನು ಓದಿ ಖುಷಿಪಟ್ಟವಳು ನಾನೇ. ಎಂಥ ಮಂಕುದಿಣ್ಣೆ!

ನಾನು ಸಾಚಾ ಎಂದು ಹೇಳಿಕೊಳ್ಳುತ್ತಿಲ್ಲ. ನೀವು ಬಿಟ್ಟುಹೋದ ಮೇಲೆ ಈ ಅಂಗಡಿಯಲ್ಲಿ ನಡೆದದ್ದು ಬರೀ ಟೈಪಿಂಗ್, ಬೈಂಡಿಂಗ್ ಅಲ್ಲ. ಮಾರಾಟ ನಿರ್ವಹಣೆ, ಸಹಕಾರ ಸಂಘಗಳ ಆಡಳಿತ, ವಿಧವೆಯರ ಆಸ್ತಿ ಹಕ್ಕು, ಜನಪದ ಕುಣಿತ, ಜಾಹೀರಾತಿನಲ್ಲಿ ಮಕ್ಕಳು, ಯಾರು ಯಾವ ವಿಷಯದ ಪ್ರಬಂಧ ಬರೆದುಕೊಡಿ ಎಂದರೂ ಇಲ್ಲ ಎನ್ನಲಿಲ್ಲ. ಕಾರ್ಮಿಕ ಸಂಘಟನೆಯ ಬಗ್ಗೆ ಒಂದೇ ವಾರದಲ್ಲಿ ಪರವಾಗಿ ಒಂದು, ವಿರೋಧವಾಗಿ ಒಂದು ಬರೆದೆ. ಎರಡಕ್ಕೂ ಫಸ್ಟ್ ಕ್ಲಾಸ್ ಬಂತು. ತಪ್ಪು ಅಂತ ಗೊತ್ತಿದ್ದೇ ಮಾಡಿದೆ. ಕಾಲೇಜಿಗೆ ಸೇರಿದ ದಿನ ನಿಲ್ಲಿಸಿದೆ. ನನ್ನ ಹೆಸರು ರಟ್ಟಿನ ಮೇಲೆ ಬರುವ ಒಂದಾದರೂ ಪುಸ್ತಕ ಬೈಂಡ್ ಮಾಡಬೇಕೆಂದು ಆಸೆ ಹುಟ್ಟಿಬಿಟ್ಟಿತ್ತು. ಈ ವಯಸ್ಸಿಗೆ ಇದೇನು ಹುಚ್ಚು ಎಂದು ಎಷ್ಟು ಜನ ಅಂದರೋ. ಹುಚ್ಚೇ ಇರಲಿ, ನನ್ನದು ತಾನೇ?

ಹಾಗಾದರೆ ಆ ಮೂವತ್ತೊಂದು ಎಲ್ಲಿಂದ ಬಂತು? ನಿಮ್ಮಾಣೆ, ನಿಮ್ಮ ಪ್ರಬಂಧ ತೆರೆದು ನೋಡಲಿಲ್ಲ. ಈ ಸಲವೂ ಒಂದು ವರ್ಷ ಮಾರುಕಟ್ಟೆಗೆ ಹೋದೆ. ಸೊಪ್ಪಿನಮ್ಮನ ಜಾಗದಲ್ಲಿ ಅವಳ ಮಗಳಿದ್ದಾಳೆ. ಗಿರಾಕಿ ಬೆಲೆ ಇಳಿಸು ಎಂದಾಗ ಅವಳೂ ಉತ್ತರ ಕೊಡುವುದಿಲ್ಲ, ಸೊಪ್ಪಿಗೆ ನೀರು ಚಿಮುಕಿಸುತ್ತ ಕೂರುತ್ತಾಳೆ. ಉತ್ತರ ಕೊಡುವವಳು ಪಕ್ಕದ ನಿಂಬೆಹಣ್ಣಿನವಳು. ಕಂಡದ್ದನ್ನೇ ಬರೆದೆ. ಇಪ್ಪತ್ತೆರಡು ವರ್ಷದ ಹಿಂದೆ ಬರೆದ ಸಾಲೇ, ಒಂದಕ್ಷರ ಆಚೀಚೆಯಾಗದೆ ಬಂದಿದೆ.

ಮೊದಲು ನನಗೂ ದಿಗಿಲಾಯಿತು. ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಅರ್ಥವಾಯಿತು. ಬೇರೆಯವರಿಗೆ ಬರೆದಾಗೆಲ್ಲ ಅವರವರ ದನಿ ಕಟ್ಟಿ ಕೊಟ್ಟೆ. ಅಂಗಡಿ ಸಾಹುಕಾರರ ಮಗನಿಗೆ ಅವನ ಹಾಗೆ, ನರ್ಸಮ್ಮನಿಗೆ ಅವಳ ಹಾಗೆ, ನಿವೃತ್ತ ಪೊಲೀಸರಿಗೆ ಅವರ ಹಾಗೆ. ಮೇಷ್ಟ್ರುಗಳಿಗೆ ಒಂದು ಸಲವೂ ಅನುಮಾನ ಬರಲಿಲ್ಲ. ನಿಮಗೊಬ್ಬರಿಗೆ ಮಾತ್ರ ನನ್ನ ದನಿಯಲ್ಲೇ ಬರೆದುಕೊಟ್ಟೆ. ಪ್ರೀತಿ ಇತ್ತು ನೋಡಿ, ವೇಷ ಹಾಕುವುದು ಹೊಳೆಯಲೇ ಇಲ್ಲ. ಈಗ ನನಗಾಗಿ ಬರೆಯಲು ಕೂತರೆ ಬಂದದ್ದೂ ಅದೇ ದನಿ. ನನಗೆ ಇರುವುದು ಅದೊಂದೇ.

ಸಾಕ್ಷಿ ಎಲ್ಲಿ ಎಂದು ನೀವು ಧೈರ್ಯವಾಗಿದ್ದೀರಿ. ಕೈಬರಹದ ಒಂಬತ್ತು ನೋಟ್‌ಬುಕ್ಕುಗಳನ್ನು ಮನೆ ಬಿಡುವಾಗ ನೀವೇ ಒಯ್ದಿರಿ; ಏನು ಮಾಡಿದಿರೋ ನಾನು ಕೇಳುವುದಿಲ್ಲ. ಗುರುವಾರ ಸಮಿತಿಯ ಮುಂದೆ ನಾನು ಕೇಳುವುದು ಇಷ್ಟೇ. ನನ್ನನ್ನು ಒಂದು ಕೋಣೆಯಲ್ಲಿ, ನಿಮ್ಮನ್ನು ಇನ್ನೊಂದು ಕೋಣೆಯಲ್ಲಿ ಕೂರಿಸಲಿ. ಇಬ್ಬರಿಗೂ ಹತ್ತು ಹಾಳೆ ಕೊಟ್ಟು, ಆ ಮಾರುಕಟ್ಟೆಯ ಬಗ್ಗೆ ಗೊತ್ತಿದ್ದನ್ನು ಬರೆಯಿರಿ ಎನ್ನಲಿ. ಮಧ್ಯಾಹ್ನ ಊಟದ ಹೊತ್ತಿಗೆ ಯಂತ್ರಕ್ಕೇ ಕೊಟ್ಟು ಕೇಳಲಿ, ಯಾರ ಹಾಳೆ ನಿಮ್ಮ ಪ್ರಬಂಧವನ್ನು ಹೋಲುತ್ತದೆ ಎಂದು.

ನನ್ನ ಗೈಡ್, ನಿಮ್ಮ ಕೈಕೆಳಗೇ ಕೆಲಸ ಮಾಡುವ ಹುಡುಗಿ, ನಿನ್ನೆ ನಾನು ಎಲ್ಲ ಹೇಳಿಕೊಂಡಾಗ ಎಚ್ಚರಿಸಿದಳು. "ನಿಜ ಹೇಳಿದ್ರೆ ನಿಮ್ಮನ್ನೂ ಬಿಡಲ್ಲ ಮೇಡಂ. ಬರ್ದುಕೊಟ್ಟೋರದ್ದೂ ತಪ್ಪೇ ಅಂತಾರೆ" ಎಂದಳು. ಹೌದು, ಗೊತ್ತು. ಎರಡು ಸಾಲು ಬರೆದುಕೊಟ್ಟರೆ ಜೂನ್‌ನಲ್ಲಿ ನನಗೆ ಪದವಿ. ಬಾಯಿ ಬಿಟ್ಟರೆ ಬಹುಶಃ ಯಾವತ್ತೂ ಇಲ್ಲ. ಸಂಕಟವಾಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಬೈಂಡಿಂಗಿಗೆ ಕೆಂಪು ಬಟ್ಟೆ ತಂದಿಟ್ಟು ತಿಂಗಳಾಯಿತು, ಅದರ ಕಡೆ ನೋಡಿದರೆ ಕಣ್ಣು ತುಂಬುತ್ತದೆ. ಆದರೆ ನನ್ನ ಮಾತನ್ನು ನಾನೇ ಕದ್ದೆ ಎಂದು ರುಜು ಹಾಕಿ, ಆ ಕೆಂಪು ಬಟ್ಟೆಯ ಮೇಲೆ ಯಾವ ಮುಖ ಇಟ್ಟುಕೊಂಡು ಹೆಸರು ಒತ್ತಿಸಲಿ? ಹೋದರೆ ಹೋಗಲಿ ಪದವಿ. ಊರಿಗೆಲ್ಲ ಬರೆದುಕೊಟ್ಟೆ, ಇದೊಂದನ್ನು ಬರೆದುಕೊಡುವುದಿಲ್ಲ.

ನೀವು ಬರಬೇಡಿ ಎನ್ನಲಾರೆ. ಬಂದರೆ ಒಳ್ಳೆಯ ಪೆನ್ನು ತನ್ನಿ.

'ಇಂತಿ ನಿಮ್ಮ' ಎಂದು ಬರೆಯಲು ಕೈ ಏಳುತ್ತಿಲ್ಲ, ಹಾಗಾಗಿ ಬರೀ
ಇಂತಿ,
ತಾಳ್ಮೆಯಿಂದ ಬೆರಳಚ್ಚು ಮಾಡಿದವಳು

ತಾ.ಕ.: ಒಂದು ವಿಷಯ ಇಷ್ಟು ವರ್ಷ ಮುಚ್ಚಿಟ್ಟಿದ್ದೆ. ನಿಮ್ಮ ಪ್ರಬಂಧದ ಕೊನೆಯಲ್ಲಿ ನಲವತ್ತು ಹೆಂಗಸರ ಸಂದರ್ಶನಗಳಿವೆ. ನಾನು ಮಾತಾಡಿಸಿದ್ದು ಮೂವತ್ತೊಂಬತ್ತು ಜನರನ್ನು. ಒಬ್ಬಳು ಕಡಿಮೆ ಬಿದ್ದಳು, ಮಾರನೇ ದಿನವೇ ಗಡುವು. ನಲವತ್ತನೆಯವಳನ್ನು ನಾನೇ ಸೇರಿಸಿದೆ. ಪುಟ ಮುನ್ನೂರ ಎರಡು. ವಯಸ್ಸು ಇಪ್ಪತ್ತೇಳು, ಮಕ್ಕಳಿಲ್ಲ. "ದುಡಿಮೆ ಎಲ್ಲಾ ನಂದು, ಗಾಡಿ ಮೇಲೆ ಹೆಸರು ಮಾತ್ರ ಮನೆಯವ್ರದು. ಬೇಜಾರೇನಿಲ್ಲ. ಒಂದಲ್ಲ ಒಂದಿನ ಅವ್ರೇ ನನ್ನ ಹೆಸ್ರು ಹೇಳ್ತಾರೆ" ಎನ್ನುತ್ತಾಳೆ. ನೀವು ಓದಿ, ಯಾರಿವಳು ಎಂದು ಕೇಳುತ್ತೀರೆಂದು ಕಾದಿದ್ದೆ. ನೀವು ಆ ಪುಟದವರೆಗೆ ಬರಲೇ ಇಲ್ಲ. ಗುರುವಾರದೊಳಗೆ ಒಮ್ಮೆ ಓದಿಕೊಳ್ಳಿ. ಅವಳು ಯಾರೆಂದು ಸಮಿತಿಯವರು ಮೊದಲು ನಿಮ್ಮನ್ನೇ ಕೇಳಲಿ ಎಂದು ನಾನು ಬರೆದು ಕೊಟ್ಟಾಗಿದೆ.