ಮೂರನೇ ಖಾನೆ

ಗುಬ್ಬಿಗೆ,

'ಬಾಗಿಲು ಹಾಕಿದ ಮೇಲೂ ಕೈ ಚಿಲಕದ ಮೇಲೇ ಇತ್ತು' ಎಂದು ಎಲ್ಲೋ ಒಂದು ಕಥೆಯಲ್ಲಿ ಓದಿದ ಸಾಲು. ಚಿಲಕವೋ ಅಗುಳಿಯೋ, ಅದೂ ಸರಿಯಾಗಿ ನೆನಪಿಲ್ಲ. ಓದಿದಾಗ ಚೆನ್ನಾಗಿದೆ ಅನ್ನಿಸಿತ್ತು. ಇವತ್ತು ಬೆಳಿಗ್ಗೆಯಿಂದ ಅದರ ಮೇಲೆ ಸಿಟ್ಟು ಬರುತ್ತಿದೆ. ಯಾರ ಕೈ ಅದು? ಹೊರಗೆ ಹೋದವನದೋ, ಒಳಗೆ ಉಳಿದವಳದೋ? ಅಷ್ಟನ್ನು ಹೇಳದೆ ಚಂದದ ಸಾಲು ಬರೆದು ಎದ್ದುಹೋಗುವುದು ಸುಲಭ. ನೀನೂ ಹಾಗೆಯೇ ಒಂದು ಚಂದದ ಚಿತ್ರ ಬರೆದು ಎದ್ದುಹೋದೆ.

ನಿನ್ನನ್ನು ಇನ್ನು ಗುಬ್ಬಿ ಎನ್ನಬಾರದು ಅಂದುಕೊಂಡಿದ್ದೆ. ಬಾಟಲಿ ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ನನ್ನ ಎದುರಿನ ಮೇಜಿಗೆ ಬಂದಾಗ ಅಷ್ಟು ಸಣ್ಣಗಿದ್ದೆ, ಹೆಸರು ಅಂಟಿಕೊಂಡಿತು. ಈಗ ನೀನು ಮೇಲಿನ ಮಹಡಿಯವಳು. ಅರ್ಜಿಗಳು ತಾವಾಗಿಯೇ ಮೇಜಿನಿಂದ ಮೇಜಿಗೆ ಓಡುವ ವ್ಯವಸ್ಥೆ ತಂದವಳು.

ಅದು ಚೆನ್ನಾಗಿ ಓಡುತ್ತದೆ, ಒಪ್ಪುತ್ತೇನೆ. ಒಂಬತ್ತು ದಿನ ಹಿಡಿಯುತ್ತಿದ್ದ ರಜೆ ಈಗ ಮಧ್ಯಾಹ್ನದೊಳಗೆ ಸಿಗುತ್ತದೆ. ಪ್ಯಾಕಿಂಗ್ ಹುಡುಗಿಯ ಹೆರಿಗೆ ರಜೆಯ ಅರ್ಜಿಯನ್ನು ನಾನು ತಪ್ಪು ಫೈಲಿಗೆ ಸೇರಿಸಿ, ಅವಳು ತುಂಬು ಗರ್ಭಿಣಿಯಾಗಿ ಎರಡು ಸಲ ಮೆಟ್ಟಿಲು ಹತ್ತಿದ್ದಳು. ನಿನ್ನ ಯಂತ್ರ ಅಂಥ ತಪ್ಪು ಮಾಡುವುದಿಲ್ಲ. ಅದಕ್ಕೆ ಮರೆವಿಲ್ಲ, ಮುಖ ನೋಡಿ ಮಣೆ ಹಾಕುವ ಚಾಳಿಯೂ ಇಲ್ಲ.

ಆದರೆ ಅರ್ಜಿಗಳ ದಾರಿಯ ಆ ಚಿತ್ರ ಬರೆಯುವ ಮೊದಲು ಮೂರು ವಾರ ನನ್ನ ಪಕ್ಕದಲ್ಲಿ ಕೂತು, ಯಾವ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಬರೆದುಕೊಂಡೆಯಲ್ಲ, ಆಗ ನನ್ನ ಮೇಜಿನ ಮೂರನೇ ಖಾನೆಯನ್ನೂ ತೆರೆದು ತೋರಿಸಿದ್ದೆ. ರಾಜೀನಾಮೆ ಪತ್ರಗಳನ್ನು ಅಲ್ಲಿ ಮೂರು ದಿನ ಇಡುತ್ತೇನೆ ಎಂದಿದ್ದೆ. ಎಲ್ಲವನ್ನೂ ಅಲ್ಲ. ಅಕ್ಷರ ನೆಟ್ಟಗಿದ್ದು ತಾರೀಖು ಸರಿಯಾಗಿದ್ದರೆ ಅದೇ ದಿನ ಮೇಲಕ್ಕೆ ಕಳಿಸುತ್ತೇನೆ, ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿರುತ್ತದೆ. ಪೆನ್ನು ಒತ್ತಿ ಕಾಗದ ಹರಿದಿದ್ದರೆ ಖಾನೆಗೆ. ನೀನು ನಕ್ಕೆ. "ಅಕ್ಕಾ, ಅದು ಕೆಲಸದ ಹಂತ ಅಲ್ಲ. ಸುಮ್ನೆ ತಡ" ಅಂದೆ.

ಆ ತಡದಲ್ಲಿ ನಿನ್ನ ಕಾಗದವೂ ಇತ್ತು. ಹದಿನಾಲ್ಕು ವರ್ಷದ ಹಿಂದೆ ಸೂಪರ್‌ವೈಸರ್ ಎಲ್ಲರೆದುರು ನಿನ್ನ ನೀರಿಳಿಸಿದ ದಿನ ನೀನು ಬರೆದ ಎರಡು ಸಾಲು. ನಾಲ್ಕನೇ ದಿನ ಕಣ್ಣು ಊದಿಸಿಕೊಂಡು ಬಂದು "ಕಳಿಸಿಬಿಟ್ರಾ ಅಕ್ಕಾ?" ಎಂದು ಕೇಳಿದೆ. ಮೂರು ದಿನ ದಾಟಿದ್ದರೂ ಕಳಿಸಿರಲಿಲ್ಲ; ಖಾನೆ ಎಳೆದು ಕೊಟ್ಟೆ. ಚೂರು ಚೂರು ಹರಿದು, ಆ ಚೂರುಗಳನ್ನೂ ಯಾರಾದರೂ ಓದಿಯಾರೆಂದು ಬ್ಯಾಗಿಗೆ ತುಂಬಿಕೊಂಡೆ. ಅದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ನೀನು ನಿನಗೂ ಹೇಳಿಕೊಂಡಂತಿಲ್ಲ.

ಕುಲುಮೆ ಮೇಸ್ತ್ರಿಯ ವಿಷಯಕ್ಕೆ ಬರುತ್ತೇನೆ. ಗಾಜಿನ ಬಣ್ಣ ನೋಡಿಯೇ ಶಾಖ ಹೇಳುವ ಮನುಷ್ಯ. ತನ್ನನ್ನು ಕೇಳದೆ ಯಾರಾದರೂ ಉರಿ ಹೆಚ್ಚು ಕಡಿಮೆ ಮಾಡಿದರೆ "ನನ್ನ ಕುಲುಮೆ ಮುಟ್ಟಿದ ಮೇಲೆ ನಾನಿರಲ್ಲ" ಎಂದು ರಾಜೀನಾಮೆ. ಇಪ್ಪತ್ತಾರು ವರ್ಷದಲ್ಲಿ ಹನ್ನೊಂದು ಸಲ. ನನಗಿಂತ ದೊಡ್ಡವರು, ಆದರೂ ಮೂರನೇ ದಿನ ಬಂದು ಮೇಜಿನ ಮುಂದೆ ನಿಂತು "ಅಕ್ಕಾ, ನಮ್ದೊಂದು ಕಾಗದ ಇತ್ತಲ್ಲ" ಅನ್ನುತ್ತಿದ್ದರು. "ಯಾವ ಕಾಗದ?" ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯಿತು.

ಸೋಮವಾರ ಹನ್ನೆರಡನೇ ಸಲ. ಈಗ ಕಾಗದ ಇಲ್ಲವಲ್ಲ, ಕ್ಯಾಂಟೀನಿನ ಗೋಡೆಯ ಪರದೆಯಲ್ಲಿ ಒತ್ತಿದರು. ಎರಡು ಗಂಟೆ ಹತ್ತು ನಿಮಿಷಕ್ಕೆ. ವ್ಯವಸ್ಥಾಪಕರು ಬಾಕಿ ಇದ್ದ ಹದಿನೇಳು ಅರ್ಜಿಗಳನ್ನು ಒಟ್ಟಿಗೆ ಒಪ್ಪಿದರು. ಎರಡು ಗಂಟೆ ಹದಿನಾರು ನಿಮಿಷಕ್ಕೆ ಸ್ವೀಕೃತ. ಮೇಸ್ತ್ರಿ ಎಂದಿನಂತೆ ಫೋನ್ ಆರಿಸಿ ಮನೆಯಲ್ಲಿ ಕೂತರು. ಒತ್ತಿದ್ದು ಎಷ್ಟು ಜೋರಾಗಿ ಎಂದು ಪರದೆಗೆ ಗೊತ್ತಾಗುವುದಿಲ್ಲ. ಅಕ್ಷರವೆಲ್ಲ ಒಂದೇ ಥರ.

ನಿನ್ನೆ ಸಂಜೆ 'ಮುಗಿದವು' ಪಟ್ಟಿಯಲ್ಲಿ ಅವರ ಹೆಸರು ಕಂಡು ನಿನ್ನ ಬಳಿ ಓಡಿಬಂದೆ. "ಹಿಂದಕ್ಕೆ ತರೋ ದಾರಿ ಸಿಸ್ಟಮ್‌ನಲ್ಲಿ ಇಲ್ಲ ಅಕ್ಕಾ. ಹೊಸದಾಗಿ ಅರ್ಜಿ ಹಾಕ್ಲಿ" ಅಂದೆ, ತಲೆಯೆತ್ತದೆ. ಹೊಸ ಅರ್ಜಿ ನಲವತ್ತೈದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಅವರಿಗೆ ಐವತ್ತನಾಲ್ಕು. ಆ ಗೆರೆ ಎಳೆದವಳೂ ನೀನೇ.

ಇವತ್ತು ಗೇಟಿನಲ್ಲಿ ಅವರು ಕಾರ್ಡನ್ನು ಅಂಗಿಗೆ ಒರೆಸಿ ಒರೆಸಿ ಹಿಡಿಯುತ್ತಿದ್ದರು. ಕೆಂಪು ದೀಪ. ನನ್ನನ್ನು ಕಂಡು "ಕಾರ್ಡ್ ಕೆಟ್ಟೋಗಿದೆ ಅಕ್ಕಾ, ಬೇರೆ ಕೊಡ್ಸಿ" ಅಂದರು. ನಿಜ ಹೇಳಬೇಕಾಗಿ ಬಂದದ್ದು ನನಗೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ಯಂತ್ರಕ್ಕೆ ಕಾಯಲು ಬರುವುದಿಲ್ಲ ಎಂದು ನೆಪ ಹೇಳಬೇಡ. ನನಗಿಂತ ಚೆನ್ನಾಗಿ ಕಾಯುತ್ತದೆ, ಮೂರು ದಿನ ಎಂದರೆ ಗಂಟೆ ತಪ್ಪದೆ. ಕಾಯಿ ಎಂದು ನೀನು ಹೇಳಲಿಲ್ಲ, ಅಷ್ಟೇ. ಯಾವುದಕ್ಕೆ ಕಾಯಬೇಕು ಎನ್ನುವುದು ಅದಕ್ಕೆ ತಿಳಿಯದು. ಅದಕ್ಕೊಬ್ಬರು ಮನುಷ್ಯರನ್ನು ಕೂರಿಸಬೇಕಿತ್ತು. ಆ ಮೂರು ವಾರದ ಕೊನೆಯ ದಿನ ನೀನು ಮುಂದಿಟ್ಟ ಹಾಳೆಯಲ್ಲಿ 'ಹಂತಗಳು ಇಷ್ಟೇ' ಎಂದು ನಾನೂ ಸಹಿ ಹಾಕಿದ್ದೇನೆ. ಯಾವ ನಿಯಮದಲ್ಲೂ ಇಲ್ಲದ ಖಾನೆ ಎಂದು ನಾಚಿಕೆಯಾಗಿತ್ತು. ಅದಕ್ಕೆ ನನ್ನನ್ನು ನಾನು ಕ್ಷಮಿಸಿಕೊಳ್ಳುವುದಿಲ್ಲ. ನಿನ್ನನ್ನಂತೂ ಇಲ್ಲ.

ಬರುವ ಸೋಮವಾರದೊಳಗೆ ಮೇಸ್ತ್ರಿಯನ್ನು ಒಳಗೆ ಕರೆ. ದಾರಿ ಇಲ್ಲದಿದ್ದರೆ ಮಾಡು; ಅದಕ್ಕೇ ನಿನಗೆ ಮೇಲಿನ ಮಹಡಿ ಕೊಟ್ಟಿದ್ದಾರೆ. ಇಲ್ಲವಾದರೆ ಅದೇ ಪರದೆಯಲ್ಲಿ ನಾನೂ ಒತ್ತುತ್ತೇನೆ, ಅಕ್ಷರ ನೆಟ್ಟಗಿರುತ್ತದೆ.

ನಿನಗೂ ಒಮ್ಮೆ ತಡೆಯಲಾರದ ಕೋಪ ಬರಲಿ. ಆವತ್ತು ನಿನ್ನ ಕಾಗದ ಯಾರಾದರೂ ಮಂದಗತಿಯವರ ಕೈಗೆ ಸಿಗಲಿ. ಇದನ್ನು ಶಾಪ ಎಂದಾದರೂ ತಿಳಿ, ಆಶೀರ್ವಾದ ಎಂದಾದರೂ.

ಇಂತಿ,
ನಾಲ್ಕು ದಿನ ನಿನ್ನನ್ನು ಖಾನೆಯಲ್ಲಿ ಇಟ್ಟುಕೊಂಡಿದ್ದ ಅಕ್ಕ

ಇನ್ನೊಂದು ವಿಷಯ, ಬರೆಯಬಾರದು ಅಂದುಕೊಂಡಿದ್ದೆ. ಮೇಸ್ತ್ರಿ ಗೇಟಿಗೆ ಬರುವ ಮೊದಲೇ ಹೇಳಿಬಿಡೋಣವೆಂದು ಬೆಳಿಗ್ಗೆ ಅವರ ಮನೆಗೆ ಹೋಗಿದ್ದೆ. ಬಾಗಿಲಿಗೆ ಬೀಗ. ಚಿಲಕ ಅಲ್ಲಾಡಿಸಿದ್ದು ಕೇಳಿ ಪಕ್ಕದ ಮನೆಯ ಟೈಲರಮ್ಮ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಹೊರಗೆ ಬಂದರು. "ಮೇಸ್ತ್ರಿ ಆಗ್ಲೇ ಹೋದ್ರಲ್ಲ. ಇವತ್ತು ಮೂರನೇ ದಿನ, ಅಕ್ಕನ ಹತ್ರ ಕಾಗದ ಇಸ್ಕೊಂಡು ಹಾಗೇ ಕೆಲಸಕ್ಕೆ ನಿಂತ್ಕೋತೀನಿ ಅಂದ್ರು. ನೀವ್ಯಾರು, ಏನಾದ್ರೂ ಹೇಳ್ಬೇಕಿತ್ತಾ?"